ಹೋಂಸ್ಟೇ ಕಸಕ್ಕೊಂದು ಬೈಲಾ: ಪಂಚಾಯಿತಿ ಕಾನೂನು ಬರೆಯೋಕೆ ಕೂತವರಿಗೆ

ನಮ್ಮ ಮೂಡಿಗೆರೆ, ಸಕಲೇಶಪುರ ಕಡೆ ಗ್ರಾಮಸಭೆ ಅಂದ್ರೆ ಈಗ ಹೋಂಸ್ಟೇ ವಿಷಯ ಬರದೇ ಮುಗಿಯಲ್ಲ. ಹಳ್ಳದಲ್ಲಿ ಬಾಟ್ಲಿ, ತೋಟದ ಬೇಲಿ ಪಕ್ಕ ಪ್ಲಾಸ್ಟಿಕ್ ಪ್ಲೇಟು, ಮಿಕ್ಕಿದ ಬಿರಿಯಾನಿ ಎಸೆದ ಕಡೆ ನಾಯಿ ಹಂದಿ ಕಾಟ, ಎಲ್ಲರೂ ಎದ್ದು ನಿಂತು ಮಾತಾಡ್ತಾರೆ, ಕೊನೆಗೆ ಪಂಚಾಯಿತಿಯವರು ಒಂದು ಬೈಲಾ, ಅಂದ್ರೆ ಪಂಚಾಯಿತಿಯದೇ ಆದ ಸ್ಥಳೀಯ ನಿಯಮ, ಮಾಡ್ಲಿ ಅಂತ ತೀರ್ಮಾನ ಆಗುತ್ತೆ. ಆಮೇಲೆ ಊರಲ್ಲಿ ಸ್ವಲ್ಪ ಓದಿರೋರು ಯಾರೋ, ಮೇಷ್ಟ್ರೋ ಲಾಯರ್ರೋ ಪಂಚಾಯಿತಿ ಮೆಂಬರ್ರೋ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಜೊತೆ ಬರೆಯೋಕೆ ಕೂರ್ತಾರೆ. ಈ ಬರಹ ಹಾಗೆ ಕೂತವರಿಗೆ. ವಿಧಾನಸೌಧದಲ್ಲಿ ಮಂಡನೆ ಆಗೋ ಮಸೂದೆ ಇರ್ಲಿ ನಮ್ಮೂರ ಬೈಲಾ ಇರ್ಲಿ, ಬರವಣಿಗೆಯ ಕಷ್ಟ ಒಂದೇ ತರದ್ದು, ಅದಕ್ಕೆ ಹೋಂಸ್ಟೇ ಕಸವನ್ನೇ ಉದಾಹರಣೆ ಇಟ್ಕೊಂಡು ಹೇಳ್ತೀನಿ.

ಮೊದಲ ಡ್ರಾಫ್ಟ್ ಸಾಮಾನ್ಯವಾಗಿ ಹೀಗಿರುತ್ತೆ:

“ಹೋಂಸ್ಟೇಗಳಲ್ಲಿ ರಾತ್ರಿ ವೇಳೆ ಹೆಚ್ಚಿನ ಶಬ್ದ ಮಾಡಬಾರದು ಮತ್ತು ಪ್ಲಾಸ್ಟಿಕ್ ಮುಂತಾದ ಕಸವನ್ನು ಎಲ್ಲೆಂದರಲ್ಲಿ ಹಾಕುವಂತಿಲ್ಲ. ತಪ್ಪಿದಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.”

ಸಭೆಯಲ್ಲಿ ಓದಿದ್ರೆ ಎಲ್ಲರೂ ಸರಿ ಸರಿ ಅಂತಾರೆ. ಈಗ ಇದೇ ಹಾಳೆ ಹಿಡ್ಕೊಂಡು ಸೋಮವಾರ ಬೆಳಗ್ಗೆ ಬಿಲ್ ಕಲೆಕ್ಟರ್ ಒಬ್ರು ಹೋಂಸ್ಟೇ ಗೇಟಿಗೆ ಹೋಗಿ ನಿಂತ್ರು ಅನ್ಕೊಳಿ. ಹಳ್ಳದ ದಂಡೆ ಮೇಲೆ ಕಸದ ಚೀಲ ಬಿದ್ದಿದೆ. ಹಾಕಿದ ಗೆಸ್ಟ್ ಭಾನುವಾರ ಸಂಜೆನೇ ಬೆಂಗಳೂರಿಗೆ ಹೊರಟಾಯ್ತು. ತೋಟದ ಯಜಮಾನ್ರಿಗೆ ಫೋನ್ ಮಾಡಿದ್ರೆ ನಾನು ಲೀಸಿಗೆ ಕೊಟ್ಟಿದೀನಿ ಅಂತಾರೆ, ಲೀಸಿನವರು ಊರಲ್ಲಿಲ್ಲ, ಮ್ಯಾನೇಜರ್ ಹುಡುಗ ನಾನು ಸಂಬಳಕ್ಕಿರೋನು ಸಾರ್ ಅಂತಾನೆ. ಅದು ಎಲ್ಲೆಂದರಲ್ಲಿ ಅಲ್ಲ, ನಮ್ಮ ಜಾಗದ ಒಳಗೇ ಇರೋದು ಅಂತ ಇನ್ನೊಬ್ರು ವಾದ ಮಾಡ್ತಾರೆ. ಸರಿ, ಕ್ರಮ ಕೈಗೊಳ್ಳೋಣ ಅಂದ್ರೆ ಯಾವ ಕ್ರಮ, ಯಾರು ಕೈಗೊಳ್ಳಬೇಕು, ಎಷ್ಟು ರೂಪಾಯಿ, ರಸೀದಿ ಯಾವುದರಲ್ಲಿ ಹರಿಯೋದು? ಹಾಳೆಯಲ್ಲಿ ಒಂದೂ ಇಲ್ಲ. ಅವರು ಬರಿಗೈಲಿ ವಾಪಸ್ ಬರ್ತಾರೆ, ಮುಂದಿನ ವಾರ ಹೋಗೋದೇ ಇಲ್ಲ, ಮತ್ತೆ ಅವರನ್ನ ಬೈಯೋದು ನಾವೇ.

ಅದಕ್ಕೇ ನಾನು ಹೇಳೋದು, ಬರೆಯೋದನ್ನ ಆ ಗೇಟಿನಿಂದ ಶುರು ಮಾಡಿ. ಕಾನೂನು ಮುರಿದ ದಿನ ಯಾರು ಬರ್ತಾರೆ, ಏನು ನೋಡ್ತಾರೆ, ಯಾರ ಹೆಸರು ಬರ್ಕೊತಾರೆ, ಯಾವ ಕಾಗದ ಕೊಡ್ತಾರೆ, ಎದುರಿನವರು ಒಪ್ಪದಿದ್ರೆ ಅವರು ಯಾರ ಹತ್ರ ಹೋಗ್ಬೇಕು, ಇಷ್ಟನ್ನ ಮೊದಲು ಮಾಮೂಲಿ ಆಡುಮಾತಲ್ಲಿ ಒಂದು ಪುಟ ಬರ್ಕೊಳಿ. “ತಕ್ಕದ್ದು” (ಮಾಡ್ಲೇಬೇಕು), “ಪರಂತು” (ಆದರೆ) ಅನ್ನೋ ಕಾನೂನು ಪದ ಎಲ್ಲಾ ಆಮೇಲೆ. ಆ ಒಂದು ಪುಟ ಬರೆಯೋಕೆ ಆಗ್ಲಿಲ್ಲ ಅಂದ್ರೆ ಏನು ಬೇಕು ಅನ್ನೋದು ನಮಗಿನ್ನೂ ಸ್ಪಷ್ಟ ಆಗಿಲ್ಲ ಅಂತ ಅರ್ಥ, ಆಗ ಕಾನೂನು ಭಾಷೆ ಹಾಕಿದ್ರೆ ಆ ಗೊಂದಲ ಮುಚ್ಚಿಹೋಗುತ್ತೆ ಹೊರತು ಕಳೆಯಲ್ಲ.

ಆ ಪುಟ ಕೈಲಿ ಹಿಡ್ಕೊಂಡು ಕೇಳ್ಬೇಕಾದ ಮೊದಲ ಪ್ರಶ್ನೆ, ಇದನ್ನ ಮಾಡೋ ಅಧಿಕಾರ ನಮಗೆ ಎಲ್ಲಿಂದ ಬಂತು? ಪಾರ್ಲಿಮೆಂಟು, ವಿಧಾನಮಂಡಲಕ್ಕೆ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿ ಇದೆ, ಯಾರು ಯಾವುದರ ಮೇಲೆ ಕಾನೂನು ಮಾಡ್ಬಹುದು ಅಂತ. ಪಂಚಾಯಿತಿಗೆ ಹನ್ನೊಂದನೇ ಅನುಸೂಚಿ, 73ನೇ ತಿದ್ದುಪಡಿಯಲ್ಲಿ ಬಂದಿದ್ದು, ಅದರಲ್ಲಿ 29 ವಿಷಯ ಇವೆ. ಆ ಪಟ್ಟಿಯಲ್ಲಿ ಪ್ರವಾಸೋದ್ಯಮ ಇಲ್ಲ, ಆದ್ರೆ ಆರೋಗ್ಯ ಮತ್ತು ನೈರ್ಮಲ್ಯ ಇದೆ, ಕುಡಿಯುವ ನೀರು ಇದೆ. ಹಾಗಾಗಿ “ಹೋಂಸ್ಟೇ ನಿಯಂತ್ರಣ ಬೈಲಾ” ಅಂತ ದೊಡ್ಡದಾಗಿ ಹೆಸರಿಟ್ಟು ಹೊರಡೋದಕ್ಕಿಂತ ಕಸ ಮತ್ತು ನೀರಿನ ಮೇಲೆ ಗಟ್ಟಿಯಾಗಿ ನಿಲ್ಲೋದು ಮೇಲು. ಪಟ್ಟಿಯಲ್ಲಿ ವಿಷಯ ಇದ್ದ ಮಾತ್ರಕ್ಕೆ ಅಧಿಕಾರ ಬಂದುಬಿಡಲ್ಲ, ರಾಜ್ಯದ ಕಾಯ್ದೆ ಅದನ್ನ ಕೊಟ್ಟಿರ್ಬೇಕು, ನಮ್ಮಲ್ಲಿ ಅದು 1993ರ ಪಂಚಾಯತ್ ರಾಜ್ ಕಾಯ್ದೆ, ಈಗ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ ಅಂತ ಹೆಸರು. ಬೈಲಾದ ಮೊದಲ ವಾಕ್ಯದಲ್ಲೇ ಇಂಥ ಅಧಿನಿಯಮದ ಇಂಥ ಪ್ರಕರಣದ (ಸೆಕ್ಷನ್ನಿನ) ಮೂಲಕ ಪ್ರದತ್ತವಾದ ಅಧಿಕಾರವನ್ನು ಚಲಾಯಿಸಿ ಅಂತ ಬರ್ಬೇಕು. ಆ ಪ್ರಕರಣದ ನಂಬರ್ ಹಾಕೋಕೆ ಕಾಯ್ದೆ ತೆಗೆದು ಓದ್ಲೇಬೇಕಾಗುತ್ತೆ, ಓದಿದಾಗ ಎಷ್ಟು ದಂಡ ಹಾಕ್ಬಹುದು, ಹೇಗೆ ಪ್ರಕಟಿಸ್ಬೇಕು, ಯಾರ ಮಂಜೂರಾತಿ ಬೇಕು ಅನ್ನೋದೂ ಕಣ್ಣಿಗೆ ಬೀಳುತ್ತೆ. ಮೂಲ ಕಾಯ್ದೆ ಕೊಡದೇ ಇರೋ ದಂಡ ಬೈಲಾದಲ್ಲಿ ಬರೆದ್ರೆ ಅದು ನಿಲ್ಲಲ್ಲ. ಶುಲ್ಕ, ತೆರಿಗೆ ವಿಷಯಕ್ಕಂತೂ ಇನ್ನೂ ಹುಷಾರಾಗಿರಿ, ಕಾನೂನಿನ ಅಧಿಕಾರ ಇಲ್ಲದೆ ಯಾವ ತೆರಿಗೆನೂ ಹಾಕೋ ಹಾಗಿಲ್ಲ ಅಂತ ಸಂವಿಧಾನದ 265ನೇ ಅನುಚ್ಛೇದ ನೇರವಾಗಿ ಹೇಳುತ್ತೆ, ಅದಕ್ಕೆ “ಪ್ರತಿ ಗೆಸ್ಟಿಗೆ ಇಷ್ಟು ರೂಪಾಯಿ ಪರಿಸರ ತೆರಿಗೆ” ಅಂತ ಸಭೆಯ ಉತ್ಸಾಹದಲ್ಲಿ ಸೇರಿಸ್ಬೇಡಿ.

ಎಲ್ಲಿವರೆಗೆ ನಡೆಯುತ್ತೆ ಅನ್ನೋದೂ ಅಧಿಕಾರದ್ದೇ ಪ್ರಶ್ನೆ. ಹೇಮಾವತಿ ಹುಟ್ಟೋದು ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಹತ್ರ, ಸಕಲೇಶಪುರ ದಾಟಿ ಗೊರೂರು ಡ್ಯಾಮಿಗೆ ಹೋಗುತ್ತೆ. ಮೇಲೆ ಹಾಕಿದ ಕಸ ಕೆಳಗಿನ ಜಿಲ್ಲೆಗೆ ತೇಲಿ ಬರುತ್ತೆ, ಆದ್ರೆ ಸಕಲೇಶಪುರದ ಪಂಚಾಯಿತಿ ಬರೆದ ಬೈಲಾ ಮೂಡಿಗೆರೆ ಕಡೆಯವರ ಮೇಲೆ ನಡೆಯಲ್ಲ. ಅಂಥದ್ದಕ್ಕೆ ಮೇಲಿನ ಮಟ್ಟದ ನಿಯಮನೇ ಬೇಕು, ಬೈಲಾದಲ್ಲಿ “ಹೇಮಾವತಿ ನದಿಯನ್ನು ಸಂರಕ್ಷಿಸತಕ್ಕದ್ದು” ಅಂತ ಒಂದು ಸಾಲು ಸೇರಿಸಿ ಸಮಾಧಾನ ಪಟ್ಕೊಂಡ್ರೆ ನದಿಗೆ ಏನೂ ಆಗಲ್ಲ.

ಎರಡನೇದು, ಈಗಾಗ್ಲೇ ಏನು ಕಾನೂನಿದೆ ಅಂತ ಹುಡುಕಿ. ಮೇಲಿನ ಡ್ರಾಫ್ಟಲ್ಲಿ ಶಬ್ದದ ವಿಷಯ ಇದೆಯಲ್ಲ, 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕೋ ಹಾಗಿಲ್ಲ ಅಂತಿದೆ, ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಅಂತ ಮಿತಿನೂ ಇದೆ. ಅದನ್ನ ಬಿಟ್ಟು ನಾವು “ಹೆಚ್ಚಿನ ಶಬ್ದ” ಅಂತ ಬರೆದ್ರೆ, ಇರೋ ಸ್ಪಷ್ಟ ನಿಯಮದ ಪಕ್ಕ ಒಂದು ಅಸ್ಪಷ್ಟ ನಿಯಮ ತಂದಿಟ್ಟ ಹಾಗಾಯ್ತು. ಶಬ್ದದ ಭಾಗ ತೆಗೆದುಬಿಡಿ, ದೂರು ಕೊಡೋಕೆ ಆ ನಿಯಮನೇ ಸಾಕು. ಪ್ಲಾಸ್ಟಿಕ್ಕೂ ಹಾಗೇ, ರಾಜ್ಯದಲ್ಲಿ 2016ರಿಂದ ನಿಷೇಧದ ಅಧಿಸೂಚನೆ ಇದೆ, ಕೇಂದ್ರದ ನಿಯಮದಲ್ಲಿ 2022ರ ಜುಲೈ 1ರಿಂದ ಒಂದೇ ಸಲ ಬಳಸಿ ಬಿಸಾಡೋ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ನಿಷೇಧ ಆಗಿದೆ. ನೀರಿನ ಬಾಟ್ಲಿ ಕೇಂದ್ರದ ಆ ಪಟ್ಟಿಯಲ್ಲಿಲ್ಲ. ಹಾಗಾದ್ರೆ ನಮ್ಮ ಬೈಲಾ ಮಾಡ್ಬೇಕಾದ ಕೆಲಸ ಎಲ್ಲಿದೆ? ನಿಷೇಧ ಮತ್ತೆ ಘೋಷಿಸೋದ್ರಲ್ಲಿ ಇಲ್ಲ, ಹುಟ್ಟಿದ ಕಸ ಯಾರು ವಿಂಗಡಿಸಿ ಯಾವ ಗಾಡಿಗೆ ಕೊಡ್ಬೇಕು ಅನ್ನೋದ್ರಲ್ಲಿದೆ. ಬೇರೆ ಕಾನೂನು ಖಾಲಿ ಬಿಟ್ಟಿರೋ ಜಾಗ ಎಲ್ಲಿದೆ ಅಂತ ಹುಡುಕಿ ಅಷ್ಟನ್ನೇ ಬರೆದ್ರೆ ಬೈಲಾ ಎರಡು ಪುಟಕ್ಕೆ ಇಳಿಯುತ್ತೆ, ಎರಡು ಪುಟ ಆದ್ರೆ ಜನ ಓದ್ತಾರೆ.

ಈಗ ನಿಜವಾದ ಕಷ್ಟಕ್ಕೆ ಬರೋಣ, ಪರಿಭಾಷೆ, ಅಂದ್ರೆ ಒಂದು ಪದಕ್ಕೆ ಈ ಕಾನೂನಲ್ಲಿ ಏನರ್ಥ ಅಂತ ಬರೆಯೋದು. ಒಂದು ಪರಿಭಾಷೆ ಎಷ್ಟು ಭಾರ ಹೊರುತ್ತೆ ಅಂತ ನಮ್ಮ ಕಾಫಿ ಸೀಮೆಯವರಿಗೆ ಹೇಳ್ಬೇಕಾಗಿಲ್ಲ. 1961ರ ಭೂಸುಧಾರಣಾ ಕಾಯ್ದೆ, 1974ರ ತಿದ್ದುಪಡಿ ಬಂದು ರಾಜ್ಯದಲ್ಲಿ ಗೇಣಿ ಪದ್ಧತಿನೇ ಹೋಯ್ತು, ಒಬ್ಬರು ಎಷ್ಟು ಜಮೀನು ಇಟ್ಕೋಬಹುದು ಅನ್ನೋ ಭೂಮಿತಿ ಬಿಗಿಯಾಯ್ತು. ಆದ್ರೆ ಅದೇ ಕಾಯ್ದೆಯಲ್ಲಿ “ಪ್ಲಾಂಟೇಷನ್” ಅನ್ನೋ ಪದಕ್ಕೆ ಒಂದು ಅರ್ಥ ಕೊಟ್ಟು, ಮುಖ್ಯವಾಗಿ ಕಾಫಿ, ಟೀ, ರಬ್ಬರ್, ಏಲಕ್ಕಿ, ಮೆಣಸಿನಂಥ ಬೆಳೆಗೆ ಬಳಸೋ ಜಮೀನನ್ನ ಅದರೊಳಗೆ ತಂದು, ಭೂಮಿತಿಯಿಂದ ಹೊರಗಿಟ್ರು. ನೂರಾರು ಎಕರೆ ತೋಟ ಒಂದೇ ಕೈಲಿ ಉಳಿದದ್ದಕ್ಕೂ ಪಕ್ಕದ ಗದ್ದೆ ಗೇಣಿದಾರನಿಗೆ ಹೋಗಿದ್ದಕ್ಕೂ ನಡುವೆ ಇದ್ದ ಗೆರೆ ಆ ಪರಿಭಾಷೆ. ಅದು ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ, ಅರ್ಧ ವಾಕ್ಯ ಎಷ್ಟು ಜನರ ಬದುಕು ನಿರ್ಧಾರ ಮಾಡುತ್ತೆ ಅನ್ನೋದನ್ನ ಮಾತ್ರ ಬರೆಯುವವರು ಮರೀಬಾರ್ದು.

ಹೋಂಸ್ಟೇ ಅಂದ್ರೆ ಏನು ಅಂತ ಬರೀಬೇಕು ಈಗ. ಬೋರ್ಡ್ ಮೇಲಿನ ಹೆಸರು ಹಿಡಿದ್ರೆ ಕೆಟ್ರಿ, ನಾಳೆ ಅದೇ ಮನೆ “ಎಸ್ಟೇಟ್ ಸ್ಟೇ” ಆಗುತ್ತೆ, “ರಿಟ್ರೀಟ್” ಆಗುತ್ತೆ, ಟೆಂಟ್ ಹಾಕಿ “ಕ್ಯಾಂಪ್” ಅಂತಾರೆ. ನಡೆಯೋ ಕೆಲಸ ಏನು ಅನ್ನೋದನ್ನ ಹಿಡೀಬೇಕು: ಹಣ ತಗೊಂಡು ರಾತ್ರಿ ಉಳಿಸ್ಕೊಳೋದು. ಆದ್ರೆ ಅಷ್ಟೇ ಬರೆದ್ರೆ ತೋಟದ ಲೈನ್ ಮನೆಯಲ್ಲಿ ಬಾಡಿಗೆ ಕೊಟ್ಟು ಇರೋ ಕೆಲಸದವರೂ ಒಳಗೆ ಬಂದುಬಿಡ್ತಾರೆ, ಅವರನ್ನ ಬಿಡ್ಬೇಕು. ಮದುವೆಗೆ ಬಂದ ನೆಂಟರು ಹಣ ಕೊಡಲ್ಲ, ಅವರು ತಾವಾಗೇ ಹೊರಗುಳೀತಾರೆ. ಹೀಗೆ ಒಬ್ಬೊಬ್ಬರನ್ನೂ ಬಾಗಿಲಲ್ಲಿ ನಿಲ್ಲಿಸಿ ಒಳಗಾ ಹೊರಗಾ ಅಂತ ಕೇಳ್ತಾ ಹೋದ್ರೆ ಪರಿಭಾಷೆ ತಾನೇ ಆಕಾರಕ್ಕೆ ಬರುತ್ತೆ:

“ಹೋಂಸ್ಟೇ” ಎಂದರೆ, ಯಾವುದೇ ಹೆಸರಿನಿಂದ ಕರೆಯಲಾಗಿದ್ದರೂ, ಪ್ರವಾಸಿಗರನ್ನು ಹಣ ಪಡೆದು ರಾತ್ರಿ ತಂಗಿಸಿಕೊಳ್ಳುವ ಮನೆ, ಕಟ್ಟಡ, ಟೆಂಟ್ ಅಥವಾ ಅವುಗಳ ಭಾಗ. ಆದರೆ ತೋಟದ ಕಾರ್ಮಿಕರ ವಾಸದ ಮನೆಯನ್ನು ಒಳಗೊಳ್ಳುವುದಿಲ್ಲ.

“ಮಾಲೀಕ” ಎಂದರೆ ಹೋಂಸ್ಟೇಯನ್ನು ನಡೆಸುತ್ತಿರುವ ವ್ಯಕ್ತಿ. ಜಾಗದ ಒಡೆಯ, ಗುತ್ತಿಗೆದಾರ ಮತ್ತು ಆ ವೇಳೆಯಲ್ಲಿ ಅದರ ಉಸ್ತುವಾರಿಯಲ್ಲಿರುವ ವ್ಯಕ್ತಿಯನ್ನು ಒಳಗೊಳ್ಳುತ್ತದೆ.

ಎರಡನೇ ಪರಿಭಾಷೆ ನೋಡಿ, ಲೀಸಿನ ಆಟ ಅಲ್ಲಿಗೆ ನಿಂತುಹೋಯ್ತು. ಉಸ್ತುವಾರಿ ಹುಡುಗನ ಮೇಲೂ ದಂಡ ಬೀಳ್ಬೇಕಾ ಅಂತ ನೀವು ಕೂತು ಯೋಚನೆ ಮಾಡ್ಬೇಕು, ನನ್ನ ಪ್ರಕಾರ ನೋಟಿಸ್ ಅವನ ಕೈಗೆ ಕೊಟ್ರೆ ಮಾಲೀಕರಿಗೆ ಕೊಟ್ಟ ಹಾಗೆ ಅಂತ ಬರೆದು ದಂಡವನ್ನ ನಡೆಸೋರ ಮೇಲೆ ಮಾತ್ರ ಇಡೋದು ನ್ಯಾಯ. ಹಾಗೆ ತೀರ್ಮಾನ ಮಾಡಿದ್ರೆ ಮೇಲಿನ ಪರಿಭಾಷೆಯಿಂದ ಉಸ್ತುವಾರಿ ಮಾತು ತೆಗೆದು ನೋಟಿಸ್ ಪ್ರಕರಣಕ್ಕೆ ಹಾಕ್ಬೇಕು. ಒಂದು ಕಡೆ ಕೈ ಹಾಕಿದ್ರೆ ಇನ್ನೊಂದು ಕಡೆನೂ ಸರಿ ಮಾಡ್ಬೇಕಾಗುತ್ತೆ, ಡ್ರಾಫ್ಟಿಂಗ್ ಕೆಲಸ ನಿಧಾನ ಆಗೋದು ಇದಕ್ಕೇ. ಒಮ್ಮೆ “ಹೋಂಸ್ಟೇ” ಅಂತ ಅರ್ಥ ಕೊಟ್ಟ ಮೇಲೆ ಮುಂದೆ ಎಲ್ಲೂ “ವಸತಿಗೃಹ”, “ಅತಿಥಿಗೃಹ” ಅಂತ ಬದಲಾಯಿಸ್ಬೇಡಿ. ಪ್ರಬಂಧದಲ್ಲಿ ಒಂದೇ ಪದ ಮತ್ತೆ ಮತ್ತೆ ಬಂದ್ರೆ ಬೇಜಾರು, ಕಾನೂನಲ್ಲಿ ಪದ ಬದಲಾದ್ರೆ ಅರ್ಥನೂ ಬೇರೆ ಇರ್ಬೇಕು ಅಂತ ಎದುರಿನ ವಕೀಲರು ವಾದ ಮಾಡ್ತಾರೆ.

ವಾಕ್ಯದ ವಿಷಯ. ಕನ್ನಡದಲ್ಲಿ ಕರ್ತೃ ಇಲ್ಲದೇನೇ ವಾಕ್ಯ ಚೆನ್ನಾಗಿ ಓಡುತ್ತೆ, ಮಾತಲ್ಲಿ ಅದು ಅನುಕೂಲ, ಕಾನೂನಲ್ಲಿ ಅದೇ ಅಪಾಯ. “ಕೈಗೊಳ್ಳಲಾಗುವುದು”, “ವಿಲೇವಾರಿ ಮಾಡಲಾಗುವುದು” ಅಂತ ಎಲ್ಲಿ ಕಂಡ್ರೂ ನಿಲ್ಲಿಸಿ ಯಾರಿಂದ ಅಂತ ಕೇಳಿ, ಉತ್ತರವನ್ನ ವಾಕ್ಯದ ಮೊದಲಿಗೆ ತನ್ನಿ. ಕಡ್ಡಾಯ ಇದ್ದಲ್ಲಿ “ತಕ್ಕದ್ದು”, ವಿವೇಚನೆಗೆ ಬಿಟ್ಟಲ್ಲಿ “ಬಹುದು”, ಇವೆರಡು ಬಿಟ್ಟು “ಮಾಡುವುದು ಸೂಕ್ತ”, “ಗಮನ ಹರಿಸುವುದು” ಅಂತ ಮೂರನೇದು ಬೇಡ. ಇನ್ನೊಂದು, “ಪರವಾನಗಿ ಪಡೆದ ಹೋಂಸ್ಟೇ ಹಾಗೂ ರೆಸಾರ್ಟ್ ಮಾಲೀಕರು” ಅಂದ್ರೆ ಪರವಾನಗಿ ಹೋಂಸ್ಟೇಗೆ ಮಾತ್ರಾನಾ ರೆಸಾರ್ಟಿಗೂನಾ? ಪರವಾನಗಿ ಇಲ್ಲದ ರೆಸಾರ್ಟಿನವರು ನಮಗೆ ಅನ್ವಯಿಸಲ್ಲ ಅಂತ ಎದ್ದು ನಿಂತ್ರೆ? ವಿಶೇಷಣ ಯಾವ ನಾಮಪದಕ್ಕೆ ಅಂಟಿದೆ ಅಂತ ಅನುಮಾನ ಬಂದ್ರೆ ವಾಕ್ಯ ಒಡೆದು ಎರಡು ಮಾಡಿ.

“ಮುಂತಾದ”, “ಇತರೆ” ಪದಗಳನ್ನ ನಂಬ್ಕೊಂಡು ಕೂರೋದೂ ಬೇಡ. ಬಾಟ್ಲಿ, ಕವರ್, ಲೋಟ ಮತ್ತು ಇತರೆ ವಸ್ತು ಅಂತ ಬರೆದ್ರೆ, ಪಟ್ಟಿಯಲ್ಲಿರೋ ಜಾತಿಯ ವಸ್ತುಗಳು ಮಾತ್ರ ಆ ಇತರೆ ಒಳಗೆ ಬರೋದು ಅಂತ ಕೋರ್ಟು ಅರ್ಥ ಮಾಡೋದು ರೂಢಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಪಲ್ಪಿಂಗ್ ನೀರನ್ನ ಹಳ್ಳಕ್ಕೆ ಬಿಟ್ಟವರನ್ನ ಆ ಪದದಲ್ಲಿ ಹಿಡಿಯೋಕಾಗಲ್ಲ. ಅದು ನಿಮಗೆ ಬೇಕಿದ್ರೆ ಹೆಸರಿಟ್ಟು ಬರೀರಿ, ಆದ್ರೆ ಅದಕ್ಕೂ ಬೇರೆ ಕಾನೂನು ಇದೆಯಾ ಅಂತ ನೋಡ್ಕೊಂಡು ಬರೀರಿ.

ಇಷ್ಟೆಲ್ಲಾ ಆದ ಮೇಲೆ ಆ ಹಳೇ ಎರಡು ಸಾಲು ಹೀಗಾಗುತ್ತೆ:

3. (1) ಮಾಲೀಕನು, ತನ್ನ ಹೋಂಸ್ಟೇಯಲ್ಲಿ ಉಂಟಾದ ಕಸವನ್ನು ಹಸಿ ಕಸ ಮತ್ತು ಒಣ ಕಸ ಎಂದು ವಿಂಗಡಿಸಿ, ಒಣ ಕಸವನ್ನು ಗ್ರಾಮ ಪಂಚಾಯಿತಿಯ ಕಸದ ವಾಹನಕ್ಕೆ ಕೊಡತಕ್ಕದ್ದು ಮತ್ತು ಹಸಿ ಕಸವನ್ನು ತನ್ನ ಜಾಗದಲ್ಲಿಯೇ ಗೊಬ್ಬರ ಮಾಡತಕ್ಕದ್ದು:
ಪರಂತು, ವಾಹನವು ಸತತ ಏಳು ದಿನ ಬಾರದಿದ್ದಲ್ಲಿ, ಮಾಲೀಕನು ಒಣ ಕಸವನ್ನು ಪಂಚಾಯಿತಿಯ ಘನತ್ಯಾಜ್ಯ ಘಟಕಕ್ಕೆ ತಾನೇ ತಲುಪಿಸಬಹುದು.
(2) ಮಾಲೀಕನು ತನ್ನ ಹೋಂಸ್ಟೇಯ ಕಸವನ್ನು ಹಳ್ಳ, ತೊರೆ, ಕೆರೆ, ಚರಂಡಿ ಅಥವಾ ಸಾರ್ವಜನಿಕ ರಸ್ತೆಯ ಬದಿಯಲ್ಲಿ, ಆ ಜಾಗ ತನ್ನ ಒಡೆತನದಲ್ಲಿದ್ದರೂ, ಹಾಕತಕ್ಕದ್ದಲ್ಲ ಅಥವಾ ಇತರರು ಹಾಕಲು ಬಿಡತಕ್ಕದ್ದಲ್ಲ.

ಮಾಲೀಕನು ಅಂದ್ರೆ ಹೆಂಗಸರು ಬಿಟ್ಟುಹೋದ್ರಾ ಅಂತ ಕೇಳ್ತಾರೆ, ಕೇಳ್ಬೇಕಾದ ಪ್ರಶ್ನೆನೇ. 1897ರ ಕೇಂದ್ರದ ಸಾಮಾನ್ಯ ಖಂಡಗಳ ಕಾಯ್ದೆಯಲ್ಲಿ ಪುಲ್ಲಿಂಗ ಸ್ತ್ರೀಲಿಂಗವನ್ನೂ ಒಳಗೊಳ್ಳುತ್ತೆ, ಏಕವಚನ ಬಹುವಚನವನ್ನೂ ಒಳಗೊಳ್ಳುತ್ತೆ ಅಂತಿದೆ, ರಾಜ್ಯಕ್ಕೂ 1899ರದ್ದು ಅದೇ ತರದ ಕಾಯ್ದೆ ಇದೆ. ಆದ್ರೂ ನನಗೆ “ಮಾಲೀಕರು” ಅಂತ ಬರೆಯೋದೇ ಇಷ್ಟ, ಓದೋರಿಗೆ ಆ ಕಾಯ್ದೆ ಗೊತ್ತಿರಲ್ಲ. ಯಾವುದನ್ನ ಆರಿಸ್ಕೊಂಡ್ರೂ ಕೊನೇವರೆಗೆ ಒಂದೇ ಇರ್ಲಿ.

ದಂಡಕ್ಕೆ ಬಂದಾಗ ನನಗೆ ಬೇಲೂರು ತಾಲ್ಲೂಕಿನ ಹಲ್ಮಿಡಿ ನೆನಪಾಗುತ್ತೆ. ಕ್ರಿ.ಶ. 450ರ ಸುಮಾರಿನ ಆ ಶಾಸನ ಒಂದು ದಾನದ ದಾಖಲೆ. ಯಾರ ಆಳ್ವಿಕೆಯಲ್ಲಿ, ಯಾರಿಗೆ, ಯಾವ ಶೌರ್ಯಕ್ಕೆ, ಯಾವ ಹಳ್ಳಿ ಅನ್ನೋದು ಅಷ್ಟು ಚಿಕ್ಕ ಕಲ್ಲಿನಲ್ಲೇ ಇದೆ, ಕೆಡಿಸಿದವರಿಗೆ ಮಹಾಪಾತಕ ಅಂತಲೂ ಇದೆ. ಮುರಿದವರಿಗೆ ಏನಾಗುತ್ತೆ ಅನ್ನೋದನ್ನ ಬರೆಯದೆ ಬಿಡಬಾರ್ದು ಅನ್ನೋ ತಿಳುವಳಿಕೆ ನಮ್ಮ ಹಾಸನ ಸೀಮೆಯಲ್ಲಿ ಅಷ್ಟು ಹಳೇದು. ಇವತ್ತು ಪಾತಕದ ಜಾಗದಲ್ಲಿ ಬರೀಬೇಕಾದ್ದು ಇಷ್ಟು: ಮೊದಲ ಸಲಕ್ಕೆ ಎಷ್ಟು, ಮತ್ತೆ ಮಾಡಿದ್ರೆ ಎಷ್ಟು, ದಂಡ ಹಾಕೋರು ಯಾರು, ಹಾಕೋ ಮೊದಲು ಎದುರಿನವರ ಮಾತು ಕೇಳೋಕೆ ಎಷ್ಟು ದಿನ, ಮೇಲ್ಮನವಿ ಯಾರಿಗೆ. ಮಾತು ಕೇಳೋ ಅವಕಾಶ ಬಿಟ್ಟುಹೋದ್ರೆ ಆ ಒಂದು ಕಾರಣಕ್ಕೇ ದಂಡ ಬಿದ್ದುಹೋಗಬಹುದು. ಹಿಂದೆ ಮಾಡಿದ್ದಕ್ಕೆ ಈಗ ಶಿಕ್ಷೆ ಅಂತ ಬರೆಯೋ ಹಾಗೂ ಇಲ್ಲ, ಸಂವಿಧಾನದ 20ನೇ ಅನುಚ್ಛೇದ ಅದಕ್ಕೆ ಅಡ್ಡ ಇದೆ.

ಅಸ್ಪಷ್ಟ ಪದ ಇಟ್ಟು ಶಿಕ್ಷೆ ಬರೆದ್ರೆ ಏನಾಗುತ್ತೆ ಅನ್ನೋದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಪ್ರಕರಣ ನೋಡಿ. ತೀರಾ ಆಕ್ಷೇಪಾರ್ಹ, ಕಿರಿಕಿರಿ ಅನ್ನೋ ತರದ ಪದಗಳ ಮೇಲೆ ಜೈಲು ಶಿಕ್ಷೆ ಇಟ್ಟಿದ್ರು, ಯಾರಿಗೆ ಕಿರಿಕಿರಿ, ಎಷ್ಟು ಕಿರಿಕಿರಿ ಅಂತ ಅಳತೆ ಇರ್ಲಿಲ್ಲ. 2015ರ ಮಾರ್ಚಲ್ಲಿ ಶ್ರೇಯಾ ಸಿಂಘಾಲ್ ಕೇಸಲ್ಲಿ ಸುಪ್ರೀಂ ಕೋರ್ಟ್ ಅದನ್ನ ಪೂರ್ತಿ ರದ್ದು ಮಾಡ್ತು. ಬೀಳೋವರೆಗೂ ಅದರಡಿ ಕೇಸು ಹಾಕಿಸ್ಕೊಂಡವರ ಕಷ್ಟ ಯಾರು ತುಂಬಿ ಕೊಡ್ತಾರೆ? “ಊರಿನ ಸಂಸ್ಕೃತಿಗೆ ಧಕ್ಕೆ ತರುವ ವರ್ತನೆ” ಅಂತ ಒಂದು ಸಾಲು ಹೋಂಸ್ಟೇ ಬೈಲಾಗೆ ಸೇರಿಸಿ ಅಂತ ಸಭೆಯಲ್ಲಿ ಯಾರಾದ್ರೂ ಒತ್ತಾಯ ಮಾಡಿಯೇ ಮಾಡ್ತಾರೆ. ದಯವಿಟ್ಟು ಸೇರಿಸ್ಬೇಡಿ. ಆ ಸಾಲು ಕಸ ಎತ್ತಿಸಲ್ಲ, ಇಬ್ಬರು ಹುಡುಗ ಹುಡುಗಿ ರೂಮ್ ತಗೊಂಡ್ರೆ ಬಾಗಿಲು ಬಡಿಯೋಕೆ ಮಾತ್ರ ಬಳಕೆ ಆಗುತ್ತೆ.

ಜಾರಿ ದಿನಾಂಕ ಪ್ರಕಟವಾದ ದಿನವೇ ಅಂತ ಇಡ್ಬೇಡಿ, ಗೊಬ್ಬರದ ಗುಂಡಿ ತೋಡೋಕೆ, ಡಬ್ಬ ತರೋಕೆ ಜನಕ್ಕೆ ಸಮಯ ಬೇಕು, ಒಂದೆರಡು ತಿಂಗಳು ಕೊಡಿ. “ಮೂವತ್ತು ದಿನದೊಳಗೆ” ಅಂದ್ರೆ ಯಾವ ದಿನದಿಂದ ಅಂತಲೂ ಬರೀರಿ.

ಆಮೇಲೆ ಜನರ ಮುಂದೆ ಇಡೋದು. ಕೇಂದ್ರ ಸರ್ಕಾರವೇ 2014ರಲ್ಲಿ ಮಸೂದೆಗಳನ್ನ ಮಂಡಿಸೋ ಮೊದಲು ಕನಿಷ್ಠ 30 ದಿನ ಜನರ ಮುಂದೆ ಇಡ್ಬೇಕು ಅಂತ ನೀತಿ ಮಾಡ್ಕೊಂಡಿದೆ. ಕಾಯ್ದೆ ಹೇಳಿದಷ್ಟು ಅವಧಿ ಕೊಡೋದು ಹೇಗೂ ಇದ್ದದ್ದೇ, ಯಾವ ತಿಂಗಳು ಅನ್ನೋದನ್ನ ನೀವು ನೋಡಿ. ಡಿಸೆಂಬರ್ ಜನವರಿಯಲ್ಲಿ ಕಾಫಿ ಕೊಯ್ಲು, ಯಾರೂ ಬರಲ್ಲ, ಜುಲೈ ಮಳೆಯಲ್ಲಿ ಕರೆಂಟೇ ಇರಲ್ಲ. ಮಾರ್ಚ್ ಏಪ್ರಿಲ್ ಸರಿ. ಪಂಚಾಯಿತಿ ಬೋರ್ಡಿಗೆ ಅಂಟಿಸಿ ಸುಮ್ಮನಾಗ್ಬೇಡಿ, ಡೈರಿ ಹತ್ರ, ನ್ಯಾಯಬೆಲೆ ಅಂಗಡಿ ಹತ್ರ ಅಂಟಿಸಿ, ಊರಿನ ವಾಟ್ಸಾಪ್ ಗುಂಪಿಗೆ ಹಾಕಿ.

ಅದಕ್ಕೂ ಮುಂಚೆ ಒಂದು ಪರೀಕ್ಷೆ ಮಾಡಿ, ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯ. ಡ್ರಾಫ್ಟನ್ನ ಮೂರು ಜನಕ್ಕೆ ಓದಿ ಹೇಳಿ. ಒಬ್ರು ಸ್ವಚ್ಛವಾಹಿನಿ (ಪಂಚಾಯಿತಿ ಕಸದ) ಗಾಡಿ ಓಡಿಸೋ ಅಕ್ಕ, ಒಬ್ರು ಹೋಂಸ್ಟೇ ನಡೆಸೋರು, ಒಬ್ರು ಈ ಕಾನೂನು ಬೇಡವೇ ಬೇಡ ಅನ್ನೋರು. ಮೂರನೆಯವರನ್ನ ಬಿಡ್ಲೇಬೇಡಿ, ತೂತು ಎಲ್ಲಿದೆ ಅಂತ ಅವರು ತೋರಿಸೋಷ್ಟು ಚೆನ್ನಾಗಿ ಬೇರೆಯವರು ತೋರಿಸಲ್ಲ. ಗಾಡಿ ಅಕ್ಕನ ಹತ್ರ ಕೇಳ್ಬೇಕಾದ್ದು ಬೇರೆ: ಅಕ್ಕಾ, ಗಾಡಿ ಆ ಘಾಟಿ ತಿರುವು ಹತ್ತುತ್ತಾ, ವಾರಕ್ಕೆ ಎಷ್ಟು ಸಲ ಹೋಗೋಕಾಗುತ್ತೆ, ಮಣ್ಣಿನ ರಸ್ತೆ ಮಳೆಗಾಲದಲ್ಲಿ ಏನಾಗುತ್ತೆ. ಮೇಲೆ ನಾನು ಬರೆದ ಪರಂತುಕ (“ಪರಂತು” ಅಂತ ಶುರುವಾಗೋ ವಿನಾಯಿತಿ) ನಿಂತಿರೋದೇ ಇಂಥ ಉತ್ತರದ ಮೇಲೆ. ಏಳು ದಿನ ಅನ್ನೋದು ಜಾಸ್ತಿ ಆಯ್ತು, ಹೋಟೆಲ್ ಊಟದ ಪ್ಯಾಕೆಟ್ಟು ಮೂರೇ ದಿನಕ್ಕೆ ನಾರುತ್ತೆ ಅಂತ ಅವರು ಹೇಳಿದ್ರೆ ಮೂರು ಅಂತ ಮಾಡಿ. ಗಾಡಿ ಹೋಗೋಕೆ ಸಾಧ್ಯನೇ ಇಲ್ಲದ ಜಾಗಕ್ಕೆ ಒಂದು ಸಂಗ್ರಹಣಾ ಸ್ಥಳ ಗೊತ್ತು ಮಾಡಿ ಅದರ ಹೆಸರನ್ನ ಅನುಸೂಚಿಯಲ್ಲಿ ಹಾಕಿ, ಪ್ರಕರಣದ ಒಳಗೆ ಹಾಕಿದ್ರೆ ಓದೋದು ಕಷ್ಟ.

ಬಂದ ಆಕ್ಷೇಪಣೆ ಒಂದೊಂದಕ್ಕೂ ಒಪ್ಪಿದ್ವಿ ಅಥವಾ ಇಂಥ ಕಾರಣಕ್ಕೆ ಒಪ್ಪಲಿಲ್ಲ ಅಂತ ಉತ್ತರ ಬರೆದು ಫೈಲಲ್ಲಿಡಿ, ನಾಳೆ ಯಾರಾದ್ರೂ ಪ್ರಶ್ನೆ ಮಾಡಿದ್ರೆ ಆ ಫೈಲೇ ನಿಮ್ಮ ಬೆಂಬಲ. ಮಾದರಿ ಬೇಕು ಅಂದ್ರೆ ರಾಜ್ಯದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆ ಕಾಯ್ದೆಗಳನ್ನ ಕನ್ನಡದಲ್ಲೂ ಪ್ರಕಟಿಸುತ್ತೆ, ನಾಲ್ಕಾರು ತೆರೆದು ಪರಿಭಾಷೆ ಪ್ರಕರಣ, ಶಾಸ್ತಿ (ದಂಡನೆ) ಪ್ರಕರಣ ಹೇಗೆ ಕಟ್ಟಿದಾರೆ ಅಂತ ನೋಡಿ, ರಚನೆ ಕಲೀರಿ, ಉದ್ದ ಮಾತ್ರ ಕಲೀಬೇಡಿ.

ಜಾರಿಯಾಗಿ ಒಂದು ಸೀಸನ್ ಕಳೆದ ಮೇಲೆ ತಿದ್ದುಪಡಿ ಬೇಕಾಗುತ್ತೆ, ಬೇಕಾಗ್ಲೇಬೇಕು. ಆಗ ಪೂರ್ತಿ ಹೊಸದಾಗಿ ಬರೆಯೋಕೆ ಹೋಗದೆ “ಪ್ರಕರಣ 3ರ ಉಪಪ್ರಕರಣ (1)ರ ಪರಂತುಕದಲ್ಲಿ ‘ಏಳು’ ಎಂಬ ಪದಕ್ಕೆ ಬದಲಾಗಿ ‘ಮೂರು’ ಎಂಬ ಪದವನ್ನು ಪ್ರತಿಯೋಜಿಸತಕ್ಕದ್ದು” ಅಂತ ಅಷ್ಟನ್ನೇ ಮೊದಲಿನ ಕ್ರಮದಲ್ಲೇ ಪ್ರಕಟಿಸಿ ಮಂಜೂರು ಮಾಡಿಸಿ. ಅದರ ಜೊತೆಗೆ ತಿದ್ದುಪಡಿ ಸೇರಿಸಿದ ಪೂರ್ತಿ ಪಠ್ಯ ಟೈಪ್ ಮಾಡಿಸಿ, ಇಂಥ ದಿನಾಂಕದವರೆಗೆ ತಿದ್ದಿದ್ದು ಅಂತ ಮೇಲೆ ಬರೆಸಿ, ಹಳೇ ಪ್ರತಿ ಬೋರ್ಡಿಂದ ಕಿತ್ತು ಇದನ್ನ ಹಾಕಿಸಿ, ಒಂದು ಪ್ರತಿ ಬಿಲ್ ಕಲೆಕ್ಟರ್ ಕೈಗೂ ಕೊಡಿ.